ಕೆಳಗೆ ನಿಂತವರ ಕಣ್ಣು

ಮುಂಗಾರು ಹಿಡಿಯುವ ಹೊತ್ತಿಗೆ ಶಿರಸಿ, ಸಾಗರ, ತೀರ್ಥಹಳ್ಳಿ, ಪುತ್ತೂರು, ಸುಳ್ಯದ ಅಡಿಕೆ ತೋಟಗಳಲ್ಲೆಲ್ಲ ಒಂದೇ ಪರದಾಟ: ಕೊಳೆರೋಗಕ್ಕೆ ಮದ್ದು ಹೊಡೆಯಲು ಜನ ಬೇಕು. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಬೋರ್ಡೋ ದ್ರಾವಣದ ಈ ಲೆಕ್ಕ ಬೆಳೆಗಾರರ ಮನೆಯ ಮಕ್ಕಳಿಗೂ ಬಾಯಿಪಾಠ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ 1910ರಲ್ಲಿ ವರದಿ ಬರೆದ ಕಾಲದಿಂದ ಮದ್ದು ಹೆಚ್ಚುಕಡಿಮೆ ಅದೇ ಇದೆ. ಅದನ್ನು ಹೊತ್ತು ಮರದ ತಲೆ ಮುಟ್ಟುವವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹಾಗಾಗಿ ಹೊಸ ಹುಡುಗರಿಗೆ ಬೇಡಿಕೆ ಹೆಚ್ಚು, ಕೂಲಿಯೂ ಚೆನ್ನಾಗಿದೆ. ಕಲಿಯಲು ಸಿಗುವ ಸಮಯ ಮಾತ್ರ ಕಡಿಮೆ.

ಅಡಿಕೆ ಮರ ಐವತ್ತು ಅರವತ್ತು ಅಡಿ ಏರುತ್ತದೆ. ಹಿಡಿದುಕೊಳ್ಳಲು ಒಂದು ಕೊಂಬೆಯಿಲ್ಲ. ಐವತ್ತು ಅಡಿಯಿಂದ ಕೈ ತಪ್ಪಿದರೆ ನೆಲ ಮುಟ್ಟಲು ಎರಡು ಸೆಕೆಂಡೂ ಬೇಡ, ಆಗಿನ ವೇಗ ಗಂಟೆಗೆ 60 ಕಿಲೋಮೀಟರ್ ದಾಟಿರುತ್ತದೆ.

ಅಡಿಕೆ ಕೊನೆ ಕೊಯ್ಯುವ ಹಳೆಯ ಕೊನೆಗಾರರ ಕೈಕೆಳಗೆ ಕಲಿಯಲು ಬಂದ ಹುಡುಗನ ಮೊದಲ ಪಾಠಗಳೆಲ್ಲ ನೆಲದ ಮೇಲಿನವು. ಉದುರಡಿಕೆ ಹೆಕ್ಕಬೇಕು. ಮರದ ಮೇಲಿಂದ ಇಳಿಬಿಟ್ಟ ಹಗ್ಗದ, ಅಂದರೆ ಮಿಣಿಯ, ತುದಿ ಹಿಡಿದು ನಿಂತು, ಅದರಲ್ಲಿ ಜಾರಿ ಬರುವ ಕೊನೆಯನ್ನು ನೆಲಕ್ಕೆ ಬಡಿಯದಂತೆ ಹಿಡಿಯಬೇಕು. ಈ ಕೆಲಸದಲ್ಲಿ ಕತ್ತು ಸದಾ ಮೇಲಕ್ಕೇ ಇರುತ್ತದೆ. ಹಿರಿಯ ತಳೆ ಎಂಬ ಕುಣಿಕೆ ಹಾಕಿದ ಕಾಲನ್ನು ಎಲ್ಲಿ ಊರಿದ, ಮಣೆಯ ಮೇಲೆ ಹೇಗೆ ಕುಳಿತ, ಕೊನೆ ಕೊಯ್ಯುವ ಉದ್ದ ಗಳುವಾದ ದೋಟಿಯನ್ನು ಯಾವ ಕೋನದಲ್ಲಿ ಚಾಚಿದ, ಒಂದು ಮರದ ತಲೆಯಿಂದ ಪಕ್ಕದ ಮರಕ್ಕೆ ದಾಟುವ ಮುಂಚೆ ಎಷ್ಟು ಹೊತ್ತು ಸುಮ್ಮನಿದ್ದ ಎಂಬುದೆಲ್ಲ ಕಣ್ಣಿಗೆ ಬೀಳುತ್ತ ಹೋಗುತ್ತದೆ. ಪಡುವಣ ಬಿಸಿಲಿಗೆ ಕಾಂಡ ಸೀಳಿದ ಮರ ಯಾವುದು, ಅಣಬೆರೋಗ ತಗಲಿ ಬುಡ ಸೊರಗಿದ್ದು ಯಾವುದು, ಮಳೆಗಾಲದಲ್ಲಿ ಯಾವ ಬದಿಗೆ ಪಾಚಿ ಹೆಚ್ಚು ಎಂಬುದೂ ಗೊತ್ತಾಗುತ್ತದೆ.

ಆದರೂ ಕೆಲವು ಸಂಗತಿಗಳು ನೆಲದಿಂದ ಕಾಣುವುದೇ ಇಲ್ಲ. ಕೆಳಗೆ ನಿಂತು ನೋಡಿದರೆ ಮರದ ತಲೆಯ ಸೋಗೆಗಳೆಲ್ಲ ಒಂದೇ ರೀತಿ ಗಟ್ಟಿಯಾಗಿ ಕೂತಂತೆ ತೋರುತ್ತವೆ. ಹಳದಿಗೆ ತಿರುಗಿದ ಸೋಗೆಯ ಹಾಳೆ ಮಾತ್ರ ಅಷ್ಟರಲ್ಲೇ ಕಾಂಡದಿಂದ ಬಿಟ್ಟುಕೊಂಡಿರುತ್ತದೆ. ಆಯ ತಪ್ಪಿದವನು ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ಸಿಕ್ಕಿದ್ದು ಹಣ್ಣುಸೋಗೆಯಾದರೆ ಸೋಗೆ, ಹಾಳೆ, ಹಿಡಿದ ಕೈ ಮೂರೂ ಒಟ್ಟಿಗೆ ಕೆಳಗೆ ಬರುತ್ತವೆ.

ಇಲ್ಲೇ ಒಂದು ಹಳೆಯ ತೊಡಕು ಎದುರಾಗುತ್ತದೆ. ಹಾಳೆಯ ಈ ಗುಟ್ಟು ಗೊತ್ತಿಲ್ಲದ ಹುಡುಗನಿಗೆ, ತನಗೆ ಅದು ಗೊತ್ತಿಲ್ಲವೆಂಬುದೂ ಗೊತ್ತಿರುವುದಿಲ್ಲ. ‘ವಿನಯ ಇರಲಿ, ನಿನ್ನ ಮಿತಿ ತಿಳಿದುಕೊ’ ಎಂದು ಊರೆಲ್ಲ ಬುದ್ಧಿ ಹೇಳಬಹುದು. ಮಿತಿ ಎಲ್ಲಿದೆಯೆಂದು ಕಾಣುವುದಕ್ಕೆ ಯಾವ ಅನುಭವ ಬೇಕೋ ಅದೇ ಅವನಲ್ಲಿಲ್ಲ. ಹಾಗಿದ್ದರೆ ಎಳೆಯ ಪ್ರಾಯದವನು ವಿನಯವಂತನಾಗುವುದು ಹೇಗೆ? ಅದು ಪೆಟ್ಟು ತಿಂದ ಮೇಲಷ್ಟೇ ಬರುವ ಗುಣವೇ? ಮರದ ಕೆಲಸದಲ್ಲಿ ಆ ಪೆಟ್ಟು ಪಾಠಕ್ಕಾಗಿ ಕಾಯುವಂಥದ್ದಲ್ಲ. ಬೆಳ್ತಂಗಡಿ ತಾಲೂಕಿನ ಸೌತಡ್ಕದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ನಡೆಯಲಾಗದವರ ಪುನಶ್ಚೇತನಕ್ಕೆಂದೇ ಸೇವಾಧಾಮ ಎಂಬ ಕೇಂದ್ರ ನಡೆಯುತ್ತಿದೆ. ಅಂಥ ಕೇಂದ್ರ ಅಡಿಕೆ, ತೆಂಗಿನ ನಾಡಿನಲ್ಲೇ ಬೇಕಾಗಿ ಬಂತು ಎಂಬುದನ್ನು ಗಮನಿಸಬೇಕು.

ಈ ತೊಡಕನ್ನು ಮರ ಹತ್ತುವವರ ನಡುವೆಯೇ ಇಟ್ಟು ನೋಡಿದವನು ಜಪಾನಿನ ಯೋಶಿದಾ ಕೆಂಕೊ. ಅರಮನೆಯ ಸೇವೆಯಲ್ಲಿದ್ದು ಆಮೇಲೆ ಬೌದ್ಧ ಸನ್ಯಾಸಿಯಾದ ಈತ 1330ರ ಆಸುಪಾಸಿನಲ್ಲಿ ‘ತ್ಸುರೆಜುರೆಗುಸಾ’ ಎಂಬ ಪುಸ್ತಕ ಬರೆದ. ಅದರಲ್ಲಿರುವ 243 ಬಿಡಿಬರಹಗಳ ಪೈಕಿ 109ನೆಯದು ಮರ ಹತ್ತುವುದರಲ್ಲಿ ಹೆಸರಾದ ಒಬ್ಬನ ಬಗ್ಗೆ. ಅವನು ಇನ್ನೊಬ್ಬನನ್ನು ಎತ್ತರದ ಮರಕ್ಕೆ ಹತ್ತಿಸಿ ಕೊಂಬೆ ಕಡಿಸುತ್ತಿದ್ದ. ಆ ಮನುಷ್ಯ ತುತ್ತತುದಿಯಲ್ಲಿ ಜೀವ ಕೈಯಲ್ಲಿ ಹಿಡಿದು ನಿಂತಿದ್ದಾಗ ಇವನು ತುಟಿ ಪಿಟಕ್ಕೆನ್ನಲಿಲ್ಲ. ಇಳಿದಿಳಿದು ಮನೆಯ ಸೂರಿನಷ್ಟು ಎತ್ತರಕ್ಕೆ ಬಂದಾಗ, ಹುಷಾರಾಗಿ ಇಳಿ ಎಂದು ಎಚ್ಚರಿಸಿದ. ಅಷ್ಟು ಕೆಳಗೆ ಬಂದ ಮೇಲೆ ಜಿಗಿದರೂ ಆಗುತ್ತದಲ್ಲ, ಈಗೇಕೆ ಹೇಳುತ್ತೀ ಎಂದು ಕೇಳಿದಾಗ ಅವನು ಕೊಟ್ಟ ಕಾರಣ ಇಷ್ಟೇ: ತಲೆ ತಿರುಗುವ ಎತ್ತರದಲ್ಲಿ ಅವನ ಭಯವೇ ಅವನನ್ನು ಕಾಯುತ್ತದೆ, ತಪ್ಪು ಆಗುವುದು ಸಲೀಸಾದ ಜಾಗಕ್ಕೆ ಬಂದಮೇಲೆ. ಎಚ್ಚರಿಸಿದವನು ಕೆಳವರ್ಗದವನಾದರೂ ಅವನ ಮಾತು ಜ್ಞಾನಿಗಳ ಬೋಧೆಗೆ ಸರಿಯಾಗಿ ಹೊಂದುತ್ತದೆ ಎಂದು ಕೆಂಕೊ ಮೆಚ್ಚುತ್ತಾನೆ.

ಈ ಪ್ರಸಂಗವನ್ನು ಜನ ಸಾಮಾನ್ಯವಾಗಿ ಎಚ್ಚರಿಕೆಯ ಪಾಠವಾಗಿ ಓದುತ್ತಾರೆ. ಆದರೆ ಅದರಲ್ಲಿ ಕೆಳಗೆ ನಿಂತವನ ಪಾತ್ರವೇ ದೊಡ್ಡದು. ಮೇಲಿದ್ದವನಿಗೆ ತನ್ನ ಎಚ್ಚರ ಯಾವಾಗ ಸಡಿಲವಾಯಿತೆಂದು ಗೊತ್ತಿಲ್ಲ. ಸಡಿಲವಾಗುವುದೆಂದರೇ ಅದು ಗೊತ್ತಾಗದಿರುವುದು. ಅದನ್ನು ಕಂಡವನು ನೆಲದ ಮೇಲಿದ್ದ. ಅದೇ ಪುಸ್ತಕದ 92ನೆಯ ಬರಹ ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ. ಬಿಲ್ವಿದ್ಯೆ ಕಲಿಯುವವನೊಬ್ಬ ಕೈಯಲ್ಲಿ ಎರಡು ಬಾಣ ಹಿಡಿದು ಗುರಿಯ ಮುಂದೆ ನಿಂತ. ಹೊಸಬರು ಎರಡು ಬಾಣ ಹಿಡಿಯಬಾರದು ಎಂದು ಗುರು ತಡೆದ. ಎರಡನೆಯದು ಇದೆಯಲ್ಲ ಎಂಬ ಭರವಸೆಯಿಂದ ಮೊದಲನೆಯದರಲ್ಲಿ ಉದಾಸೀನ ಬರುತ್ತದೆ ಎಂಬುದು ಅವನ ವಾದ. ಗುರುವಿನ ಎದುರಿಗೇ ನಿಂತು ಯಾರಾದರೂ ಬೇಕೆಂದು ಉದಾಸೀನ ಮಾಡುತ್ತಾರೆಯೇ? ಕೆಂಕೊ ಈ ಪ್ರಶ್ನೆಯನ್ನು ತಾನೇ ಎತ್ತಿಕೊಂಡು, ಆ ಉದಾಸೀನ ಕಲಿಯುವವನಿಗೆ ಕಾಣದೇ ಇದ್ದರೂ ಗುರುವಿಗೆ ಕಾಣುತ್ತದೆ ಎಂಬ ತೀರ್ಮಾನಕ್ಕೆ ಬರುತ್ತಾನೆ.

ಎಳೆಯರ ವಿನಯದ ಪ್ರಶ್ನೆಗೆ ಉತ್ತರದ ದಾರಿ ಇಲ್ಲಿದೆ. ಅನುಭವವಿಲ್ಲದವನು ತನ್ನ ಕೊರತೆಯನ್ನು ತಾನೇ ಅಳೆಯಲಾರ. ಅಳೆಯಬಲ್ಲ ಕಣ್ಣು ಬೇರೆಯವರಲ್ಲಿದೆ ಎಂದು ಒಪ್ಪಿಕೊಳ್ಳುವುದು ಅವನ ಕೈಯಲ್ಲಿದೆ. ಅಷ್ಟಕ್ಕೆ ಅನುಭವ ಬೇಕಿಲ್ಲ, ಮನಸ್ಸು ಬಗ್ಗಿದರೆ ಸಾಕು. ತನ್ನನ್ನು ಕೀಳೆಂದು ಎಣಿಸಿಕೊಳ್ಳುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ತನ್ನಿಂದಾಗದು ಎಂದು ಕುಗ್ಗಿದವನ ಕಾಲು ಮರದ ಮೇಲೆ ನಡುಗುತ್ತದೆ, ಅವನೂ ಬೀಳುತ್ತಾನೆ.

ಭಗವದ್ಗೀತೆಯ 13ನೆಯ ಅಧ್ಯಾಯದಲ್ಲಿ ಕೃಷ್ಣ ಜ್ಞಾನ ಯಾವುದೆಂದು ಹೇಳಲು ಒಂದು ಪಟ್ಟಿ ಕೊಡುತ್ತಾನೆ. ಆ ಪಟ್ಟಿಯ ತಲೆಯಲ್ಲೇ ಅಮಾನಿತ್ವ, ಅಂದರೆ ತಾನು ದೊಡ್ಡವನೆಂಬ ಹಮ್ಮಿಲ್ಲದಿರುವುದು, ನಿಂತಿದೆ. ನಯವಿನಯವನ್ನು ನಡತೆಯ ಖಾತೆಗೆ ಹಾಕುವುದು ನಮ್ಮ ರೂಢಿ, ಗೀತೆ ಅದನ್ನು ತಿಳಿವಿನ ಖಾತೆಗೆ ಹಾಕುತ್ತದೆ. ಆಚಾರ್ಯನ ಸೇವೆ, ಸ್ಥಿರತೆ ಎರಡೂ ಅದೇ ಶ್ಲೋಕದಲ್ಲಿವೆ. ಮಿಣಿ ಹಿಡಿದು ನಿಂತ ಹುಡುಗನ ಬದುಕಿನಲ್ಲಿ ಈ ಮೂರೂ ಒಂದೇ ಕೆಲಸದ ಭಾಗ. ತಾನು ಬಲ್ಲೆನೆಂಬುದನ್ನು ಬದಿಗಿಡುತ್ತಾನೆ, ಹಿರಿಯನನ್ನು ನೋಡುತ್ತಾನೆ, ಕಾಲು ನಿಲ್ಲುತ್ತದೆ.

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದ ಶ್ವೇತಕೇತು ಹನ್ನೆರಡನೆಯ ವಯಸ್ಸಿಗೆ ಗುರುಕುಲಕ್ಕೆ ಹೋಗಿ ಇಪ್ಪತ್ತನಾಲ್ಕಕ್ಕೆ ಮರಳಿದ. ವೇದಗಳನ್ನೆಲ್ಲ ಓದಿದ್ದ, ಓದಿದ್ದೇನೆಂಬ ಬಿಗುಮಾನವೂ ಇತ್ತು. ತಂದೆ ಉದ್ದಾಲಕ ಒಂದೇ ಪ್ರಶ್ನೆಯಲ್ಲಿ ಅವನ ಮಿತಿಯನ್ನು ತೋರಿಸಿದ. ಮಗನಿಗೆ ಮೊದಲು ಹೊಳೆದದ್ದು ಗುರುಗಳಿಗೇ ಅದರ ಉತ್ತರ ಗೊತ್ತಿದ್ದಿರಲಾರದು ಎಂಬ ಸಮಜಾಯಿಷಿ. ಆಮೇಲೆಯೇ ನೀನೇ ಹೇಳಿಕೊಡು ಎಂದ. ಪಾಠಕ್ಕೆಂದು ತಂದೆ ಆಲದ ಹಣ್ಣು ಒಡೆಸಿದ್ದು, ನೀರಿನಲ್ಲಿ ಉಪ್ಪು ಕರಗಿಸಿದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲಿನ ಒಂದು ಪಾಠದತ್ತ ಗಮನ ಹೋಗುವುದು ಕಡಿಮೆ. ಹದಿನೈದು ದಿನ ಊಟ ಮಾಡಬೇಡ, ನೀರು ಮಾತ್ರ ಕುಡಿ ಎಂದ ತಂದೆ, ಹದಿನಾರನೆಯ ದಿನ ವೇದ ಹೇಳೆಂದ. ಹನ್ನೆರಡು ವರ್ಷ ಕಲಿತದ್ದರಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಉಂಡು ಬಂದ ಮೇಲೆ ಎಲ್ಲವೂ ಬಂತು.

ಮರ ಹತ್ತುವವರಿಗೆ ಈ ಕಥೆಯನ್ನು ವಿವರಿಸಿ ಹೇಳಬೇಕಿಲ್ಲ. ಕಲಿತ ವಿದ್ಯೆ ತಲೆಯಲ್ಲಿ ಭದ್ರವಾಗಿ ಕೂತಿರುವ ಆಸ್ತಿಯಲ್ಲ, ಇವತ್ತಿನ ಮೈಯನ್ನು ನಂಬಿಕೊಂಡು ನಿಂತದ್ದು. ಜ್ವರದಿಂದ ಎದ್ದವನು, ರಾತ್ರಿ ಯಕ್ಷಗಾನ ನೋಡಿ ನಿದ್ದೆಗೆಟ್ಟವನು, ಕುಡಿದವನು ಆ ದಿನದ ಮಟ್ಟಿಗೆ ಹೊಸಬನೇ. ನಿನ್ನೆ ನೂರು ಮರ ಹತ್ತಿದ್ದರೂ ಆ ನೂರು ಮರಗಳ ಲೆಕ್ಕ ಇವತ್ತಿನ ಕಾಲಿಗೆ ಬರುವುದಿಲ್ಲ. ಹಲವರು ಹತ್ತುವ ಮೊದಲು ಮರ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಒಳ್ಳೆಯ ಸಂಪ್ರದಾಯ. ಅದರಿಂದ ಮರ ಗಟ್ಟಿಯಾಗುವುದಿಲ್ಲ, ಆ ಒಂದು ಕ್ಷಣ ಮನುಷ್ಯ ನಿಲ್ಲುತ್ತಾನೆ. ಮೈ ಹೇಗಿದೆ, ಮರ ಹೇಗಿದೆ ಎಂದು ಕೇಳಿಕೊಳ್ಳಲು ಅಷ್ಟು ಬಿಡುವು ಬೇಕು.

ಕಲಿಯುವವನ ಅಪಾಯದ ಕಾಲ ಮೊದಲ ದಿನವಲ್ಲ ಎಂಬುದನ್ನೂ ಹೇಳಬೇಕು. ಮೊದಲ ದಿನ ಹತ್ತಡಿ ಏರುವಷ್ಟರಲ್ಲಿ ತೊಡೆ ನಡುಗುತ್ತದೆ, ಅಂಗೈ ಬೆವರುತ್ತದೆ, ಅವನು ತಾನಾಗಿಯೇ ಇಳಿಯುತ್ತಾನೆ. ಒಂದೆರಡು ಕೊಯ್ಲು ಕಳೆದಾಗ ಮೈಗೆ ದಾರಿ ಗೊತ್ತಾಗಿರುತ್ತದೆ, ಮಣೆಯ ಮೇಲೆ ಕೂತು ಕೆಳಗಿನವರ ಜೊತೆ ಹರಟೆ ಹೊಡೆಯುವಷ್ಟು ಸಲಿಗೆ ಬಂದಿರುತ್ತದೆ. ಇಳಿಯುವಾಗ ಕೊನೆಯ ಹತ್ತಡಿ ಜಾರಿಕೊಂಡೇ ಬರುವ ಚಟವೂ ಹತ್ತಿರುತ್ತದೆ. ಹತ್ತಡಿಯಿಂದ ಬಿದ್ದರೂ ನೆಲ ಮುಟ್ಟುವಾಗಿನ ವೇಗ ಗಂಟೆಗೆ 28 ಕಿಲೋಮೀಟರಿನಷ್ಟಿರುತ್ತದೆ, ಸೊಂಟ ಮುರಿಯಲು ಅಷ್ಟು ಧಾರಾಳ ಸಾಕು.

ಇದನ್ನೆಲ್ಲ ಹೇಳುವಾಗ ಒಂದು ಕೆಡುಕಿನ ಬಗ್ಗೆ ಎಚ್ಚರವಿರಬೇಕು. ವಿನಯವೆಂದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಎಂದು ದುಡಿಸಿಕೊಳ್ಳುವವರು ಅರ್ಥ ಮಾಡಿಕೊಂಡರೆ ಆ ಮಾತು ಹುಡುಗನ ಕುತ್ತಿಗೆಗೇ ಬರುತ್ತದೆ. ಮಳೆ ಹೊಳವಾದ ಅರ್ಧ ಗಂಟೆಗೆ ತೋಟದ ಯಜಮಾನರು ‘ತಮ್ಮಾ, ಇನ್ನೊಂದು ಸಾಲು ಮುಗಿಸಿಬಿಡೋ’ ಎಂದರೆನ್ನಿ. ‘ಇಲ್ಲ ಹೆಗಡೇರೆ, ಮರ ಇನ್ನೂ ಜಾರ್ತದೆ. ಒದ್ದೆ ಮರ ಹತ್ತುವಷ್ಟು ನಾನಿನ್ನೂ ಪಳಗಿಲ್ಲ’ ಎನ್ನುವ ಹುಡುಗ ಎದುರುತ್ತರ ಕೊಟ್ಟನೆಂದು ತೋರಬಹುದು. ಅಲ್ಲಿದ್ದವರಲ್ಲಿ ನಿಜವಾದ ವಿನಯವಂತ ಅವನೇ. ತಾನೆಲ್ಲಿದ್ದೇನೆಂದು ತಿಳಿದು ಹೇಳಿದ್ದಾನೆ. ಮರ್ಯಾದೆಗೆ ಹೆದರಿ ಹತ್ತುವವನಲ್ಲಿ ಇರುವುದು ಹಿಂಜರಿಕೆ.

ಹಾಗೆಯೇ, ಅನುಭವವಿಲ್ಲದಿರುವುದು ಎಳೆಯರೊಬ್ಬರ ಸ್ವತ್ತೂ ಅಲ್ಲ. ಇತ್ತೀಚಿನ ವರ್ಷಗಳಲ್ಲಿ ಮಲೆನಾಡು ಕರಾವಳಿಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೇ ನಿಂತು ಕೊನೆ ಕೊಯ್ಯಬಹುದು, ಮದ್ದನ್ನೂ ಹೊಡೆಯಬಹುದು. ಬೀಳುವ ಭಯವೇ ಇಲ್ಲವೆಂದು ಮನೆಮನೆಗಳಲ್ಲಿ ಜನ ನೆಮ್ಮದಿಯ ಉಸಿರು ಬಿಟ್ಟರು. ಆದರೆ ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ. ಒಣಗಿದ ಬಿದಿರಿನ ದೋಟಿ ಹಿಡಿದು ಇಪ್ಪತ್ತು ಮೂವತ್ತು ವರ್ಷ ಕೆಲಸ ಮಾಡಿದವರ ಕೈಗೆ, ತೋಟದ ಮೇಲೆ ಹಾದುಹೋದ ತಂತಿಯ ಬಗ್ಗೆ ಇಂಥ ಹೆದರಿಕೆ ಅಭ್ಯಾಸವಿರಲಿಲ್ಲ. ದೋಟಿ ತಂತಿಗೆ ತಾಗಿ ಜೀವ ಹೋದ ಪ್ರಕರಣಗಳಾದವು. ಹಳೆಯ ಸಾಧನದಲ್ಲಿ ಪಳಗಿದ ಕೈ ಹೊಸ ಸಾಧನಕ್ಕೂ ಅದೇ ಧೈರ್ಯವನ್ನು ಹೊತ್ತುಕೊಂಡು ಹೋಗುತ್ತದೆ.

ಸಾಕ್ರಟೀಸ್ ಅಥೆನ್ಸಿನಲ್ಲಿ ಕಂಡದ್ದೂ ಇದನ್ನೇ. ತನಗಿಂತ ಬಲ್ಲವರನ್ನು ಹುಡುಕುತ್ತ ಅವನು ರಾಜಕಾರಣಿಗಳು, ಕವಿಗಳು ಮುಗಿದ ಮೇಲೆ ಕುಶಲಕರ್ಮಿಗಳ ಬಳಿ ಹೋದ. ಅವರಿಗೆ ನಿಜವಾಗಿಯೂ ತನಗೆ ತಿಳಿಯದ ಎಷ್ಟೋ ಸಂಗತಿ ತಿಳಿದಿತ್ತು ಎಂದು ಅವನು ಒಪ್ಪಿಕೊಂಡದ್ದನ್ನು ಪ್ಲೇಟೋ ಬರೆದಿದ್ದಾನೆ. ಕೈಗೆ ಒಂದು ಕಸುಬು ಸಿದ್ಧಿಸಿದ್ದರಿಂದ ಉಳಿದ ದೊಡ್ಡ ವಿಷಯಗಳಲ್ಲೂ ತಾವು ಬಲ್ಲವರೆಂದು ಅವರು ನಂಬಿದ್ದರು, ಅವರ ತಿಳಿವಿಗೆ ಮಂಕು ಕವಿದದ್ದು ಅಲ್ಲಿ. ಹೊಸ ದೋಟಿ ಕೈಗೆ ಬಂದ ದಿನ ಐವತ್ತು ದಾಟಿದ ಕೊನೆಗಾರನೂ ತರಬೇತಿ ಪಡೆದ ಇಪ್ಪತ್ತರ ಹುಡುಗನ ಮುಂದೆ ಕೂತು ಕೇಳಬೇಕಾಗುತ್ತದೆ. ವಯಸ್ಸಿಗೆ ಇದು ಕಷ್ಟ. ಉದ್ದಾಲಕನ ಮುಂದೆ ಕೂತ ಮಗನಿಗಿಂತಲೂ ಕಷ್ಟ.

ಕೂತು ಕಲಿಯುವ ಜಾಗಗಳು ಇಲ್ಲದಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಯೋಜನೆ ಆರಂಭಿಸಿ, ಯಂತ್ರದ ನೆರವಿನಿಂದ ಮರ ಏರುವುದನ್ನು ಯುವಕ ಯುವತಿಯರಿಗೆ ಆರು ದಿನಗಳ ಶಿಬಿರದಲ್ಲಿ ಕಲಿಸುತ್ತಿದೆ, ಮರ ಏರುವವರಿಗೆ ಕೇರಾ ಸುರಕ್ಷಾ ಎಂಬ ವಿಮೆಯೂ ಇದೆ. ಅಡಿಕೆ ಮರ ಏರುವವರಿಗೂ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಟ್ಲದ ಕೇಂದ್ರದಲ್ಲಿ ಶಿಬಿರಗಳು ನಡೆದಿವೆ. ಆರು ದಿನದಲ್ಲಿ ಯಂತ್ರ ಕಟ್ಟುವುದು, ಏರುವುದು, ಇಳಿಯುವುದು ಬರುತ್ತದೆ. ಏಳನೆಯ ದಿನ ಆ ಹುಡುಗ ತೋಟಕ್ಕೆ ಹೋದಾಗ ಕೆಳಗೆ ನಿಂತು ನೋಡುವವರು ಯಾರು ಎಂಬುದು ಯಾವ ಶಿಬಿರದ ಕೈಯಲ್ಲೂ ಇಲ್ಲ.

ಅದು ತೋಟದವರ ಕೈಯಲ್ಲಿದೆ, ಹೆಚ್ಚಾಗಿ ಹಣದ ಮಾತು. ಮರಕ್ಕಿಷ್ಟು, ಕೊನೆಗಿಷ್ಟು ಎಂದು ಕೂಲಿ ಗೊತ್ತು ಮಾಡಿದ ಕಡೆ, ಬೇಡವೆಂದು ಇಳಿದ ಪ್ರತಿ ಮರವೂ ಹುಡುಗನ ಜೇಬಿನಿಂದಲೇ ಹೋಗುತ್ತದೆ. ಮಿತಿ ತಿಳಿದು ನಡೆಯುವವನಿಗೆ ಅಲ್ಲಿ ದಿನದ ಕೊನೆಗೆ ಸಿಗುವುದು ಕಡಿಮೆ. ಮಿಣಿ ಹಿಡಿದು ಕತ್ತೆತ್ತಿ ನಿಂತ ಹಿರಿಯನಿಗೆ ಪೂರ್ತಿ ದಿನಗೂಲಿ ಕೊಡಲು ಮನಸ್ಸಾಗದ ಕಡೆ ಆ ಕಣ್ಣೂ ಉಳಿಯುವುದಿಲ್ಲ. ಕಲಿಯುವ ಮೊದಲೆರಡು ಕೊಯ್ಲಿಗೆ ಹುಡುಗನಿಗೆ ಮರದ ಲೆಕ್ಕ ಬಿಟ್ಟು ದಿನದ ಲೆಕ್ಕದಲ್ಲಿ ಕೂಲಿ ಕೊಡಬೇಕು. ಅವನು ಇಳಿದುಬಂದು ಈ ಮರ ನನ್ನಿಂದಾಗದು ಎಂದಾಗ ಏಕೆಂದು ಕೇಳದೆ ಮುಂದಿನ ಮರ ತೋರಿಸಬೇಕು. ಕೆಳಗೆ ನಿಲ್ಲುವ ಹಿರಿಯನ ಕೂಲಿಯನ್ನು ಮದ್ದಿನ ಖರ್ಚು, ಕೊಯ್ಲಿನ ಖರ್ಚಿನ ಜೊತೆಗೇ ವರ್ಷದ ಲೆಕ್ಕದಲ್ಲಿ ಬರೆದುಕೊಳ್ಳಬೇಕು.