ಯಾರ ಮುಂದೆ ಬೀಡಿ ಆರುತ್ತದೆ?

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಳ್ಳಿಗಳಲ್ಲಿ ಯಾರೂ ಬರೆದಿಡದ ಒಂದು ಕಟ್ಟಳೆ ಇದೆ: ಹಿರಿಯರ ಎದುರು ಬೀಡಿ ಸೇದುವಂತಿಲ್ಲ. ಮೊಮ್ಮಕ್ಕಳನ್ನು ಕಂಡ ಗಂಡಸೂ ದೊಡ್ಡಪ್ಪನೋ ಮಾವನೋ ಬರುವುದು ಕಂಡರೆ ಕೈಯನ್ನು ಬೆನ್ನ ಹಿಂದೆ ಒಯ್ಯುತ್ತಾನೆ. ಮಠದ ಸ್ವಾಮಿಗಳೋ ಓದು ಕಲಿಸಿದ ಮೇಷ್ಟ್ರೋ ಬಂದರೆ ಬೀಡಿಯನ್ನು ಕಾಲಡಿ ಹೊಸಕಿ ಎದ್ದು ನಿಲ್ಲುತ್ತಾನೆ. ಇದನ್ನು ಅವನಿಗೆ ಕಲಿಸಿದ್ದು ಆರೋಗ್ಯ ಇಲಾಖೆಯಲ್ಲ, ಬೀಡಿ ಕಟ್ಟಿನ ಮೇಲಿನ ಎಚ್ಚರಿಕೆಯ ಚಿತ್ರವೂ ಅಲ್ಲ. ಬಂದವರ ಶ್ವಾಸಕೋಶದ ಚಿಂತೆ ಅವನಿಗಿಲ್ಲ. ಬಂದವರು ದೊಡ್ಡವರು, ಅಷ್ಟೆ.

ಅದೇ ಗಂಡಸಿನ ಮನೆಗೆ ಆಶಾ ಕಾರ್ಯಕರ್ತೆ ಬಂದು ಚಾಪೆಯ ಮೇಲೆ ಕೂತು ಹಸುಗೂಸನ್ನು ತೂಗುವಾಗ ಬೀಡಿ ಆರುವುದಿಲ್ಲ. ಪಾತ್ರೆ ತೊಳೆಯಲು ಬರುವ ಹೆಂಗಸಿನ ಮುಂದೆ, ಫ್ಯಾನು ರಿಪೇರಿಗೆ ಬಂದು ಸ್ಟೂಲು ಹತ್ತಿದ ಹುಡುಗನ ಮುಂದೆ, ಮಲಗಿದಲ್ಲೇ ಇರುವ ಅಜ್ಜನ ಮೈ ಒರೆಸುವ ಹೋಮ್ ನರ್ಸ್ ಮುಂದೆಯೂ ಆರುವುದಿಲ್ಲ. ಅವರ ಎದುರು ಮುಚ್ಚಿಡಬೇಕೆಂದು ಯಾರಿಗೂ ಅನ್ನಿಸುವುದೇ ಇಲ್ಲ. ಬೇರೆಯವರ ಮನೆಯ ಹೊಗೆಯಲ್ಲಿ ದುಡಿಯುವವರ ಕಷ್ಟವನ್ನು ನಾವು ಸಾಮಾನ್ಯವಾಗಿ ಆರೋಗ್ಯದ ಪ್ರಶ್ನೆಯಾಗಿ ನೋಡುತ್ತೇವೆ. ನನ್ನ ಪ್ರಕಾರ ಅದು ಮೊದಲು ಮರ್ಯಾದೆಯ ಪ್ರಶ್ನೆ. ಯಾರ ಮುಂದೆ ಸೇದುತ್ತೇವೆ, ಯಾರ ಮುಂದೆ ಸೇದುವುದಿಲ್ಲ ಎಂಬುದನ್ನು ನೋಡಿದರೆ ಸಾಕು, ಯಾರನ್ನು ನಾವು ಲೆಕ್ಕಕ್ಕೆ ಹಿಡಿದಿದ್ದೇವೆ ಎಂಬುದು ತಿಳಿಯುತ್ತದೆ.

ಆರೋಗ್ಯದ ಸಂಗತಿಯಲ್ಲಿ ಈಗ ವಾದಕ್ಕೆ ಜಾಗವಿಲ್ಲ. 1981ರಲ್ಲಿ ಜಪಾನಿನ ತಕೇಶಿ ಹಿರಾಯಾಮಾ, ತಾವು ಸೇದದ 90 ಸಾವಿರಕ್ಕೂ ಹೆಚ್ಚು ಗೃಹಿಣಿಯರನ್ನು ವರ್ಷಗಟ್ಟಲೆ ಗಮನಿಸಿ, ಗಂಡ ಸೇದುವವನಾದರೆ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ತಗಲುವ ಅಪಾಯ ಹೆಚ್ಚೆಂದು ತೋರಿಸಿದರು. ಬೇರೆಯವರ ಹೊಗೆಗೆ ‘ಇಷ್ಟಾದರೆ ಪರವಾಗಿಲ್ಲ’ ಎಂಬ ಮಟ್ಟವೇ ಇಲ್ಲವೆಂದು 2006ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಹೇಳಿತು. ತಾವು ಸೇದದೆ, ಪಕ್ಕದವರ ಹೊಗೆಯಿಂದ ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ 12 ಲಕ್ಷಕ್ಕೂ ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾರತದಲ್ಲಿ 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಮನೆಯೊಳಗೆ ಹೊಗೆಗೆ ಒಡ್ಡಿಕೊಳ್ಳುವವರು ಶೇ. 38.7, ಕೆಲಸದ ಜಾಗದಲ್ಲಿ ಶೇ. 30.2. ಒಬ್ಬರ ಮನೆಯೇ ಇನ್ನೊಬ್ಬರ ಕೆಲಸದ ಜಾಗವಾಗಿರುವಾಗ ಏನು ಮಾಡಬೇಕು ಎಂಬುದು ನಮ್ಮ ಪ್ರಶ್ನೆ.

ಕಾನೂನು ಹೊಸ್ತಿಲವರೆಗೆ ಬಂದು ನಿಂತಿದೆ. 2003ರ ತಂಬಾಕು ನಿಯಂತ್ರಣ ಕಾಯ್ದೆ ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ನಿಷೇಧಿಸಿತು. 2008ರ ನಿಯಮಗಳು ಕೆಲಸದ ಸ್ಥಳಗಳನ್ನೂ ಅದಕ್ಕೆ ಸೇರಿಸಿದವು. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ದಂಡವನ್ನು 1000 ರೂಪಾಯಿವರೆಗೆ ಏರಿಸಿತು. ಹೀಗಾಗಿ ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ಬೀಡಿ ಹಚ್ಚಿದವನು ದಂಡ ತೆರಬೇಕು. ಮನೆಯ ಬಾಗಿಲು ಹಾಕಿಕೊಂಡು, ಅಡುಗೆ ಕೆಲಸಕ್ಕೆ ಬಂದ ಬಸುರಿಯ ಪಕ್ಕ ಕೂತು ಹಚ್ಚಿದವನನ್ನು ಕೇಳುವವರಿಲ್ಲ. ಇದು ನಮ್ಮೊಬ್ಬರ ಕುರುಡಲ್ಲ. 2007ರಲ್ಲಿ ಇಂಗ್ಲೆಂಡು ಕೆಲಸದ ಜಾಗಗಳಲ್ಲೆಲ್ಲ ಹೊಗೆ ನಿಲ್ಲಿಸಿತಾದರೂ ಖಾಸಗಿ ಮನೆಗೆ ವಿನಾಯಿತಿ ಕೊಟ್ಟಿತು. ರೋಗಿಯ ಆರೈಕೆಗೆ, ಮನೆಗೆಲಸಕ್ಕೆ, ರಿಪೇರಿಗೆ ಬರುವವರಿದ್ದರೂ ಆ ವಿನಾಯಿತಿ ತಪ್ಪುವುದಿಲ್ಲ ಎಂದು ನಿಯಮದಲ್ಲೇ ಬರೆಯಿತು. ಕಚೇರಿಯ ಗುಮಾಸ್ತನಿಗೆ ಸಿಕ್ಕ ಗಾಳಿ ಅವನ ಮನೆಯ ಕಸ ಗುಡಿಸುವವಳಿಗೆ ಸಿಗಲಿಲ್ಲ.

ಮನೆ ಖಾಸಗಿ, ಅಲ್ಲಿಗೆ ಸರ್ಕಾರ ಕಾಲಿಡಬಾರದು ಎಂಬ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕಾನೂನು ಈಗಾಗಲೇ ಮನೆಯೊಳಗೆ ಹೋಗಿದೆ. ಮನೆಗೆಲಸಕ್ಕೆ ಕರ್ನಾಟಕ 2004ರಲ್ಲೇ ಕನಿಷ್ಠ ವೇತನ ನಿಗದಿ ಮಾಡಿತು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ವಾಸದ ಮನೆಯೂ ಕೆಲಸದ ಸ್ಥಳವೇ ಎಂದು ಸ್ಪಷ್ಟವಾಗಿ ಹೇಳಿತು. ಕೆಲಸದವಳ ಮೈಮೇಲೆ ಕೈ ಹಾಕಿ ‘ಇದು ನನ್ನ ಮನೆ’ ಎನ್ನುವ ಯಜಮಾನನ ಮಾತನ್ನು ಇಂದು ಯಾರೂ ಒಪ್ಪುವುದಿಲ್ಲ. ಹೊಗೆಯೂ ಮೈಯೊಳಕ್ಕೇ ಹೋಗುತ್ತದೆ. ಎರಡೂ ಒಂದೇ ತೂಕದ ತಪ್ಪಲ್ಲ, ನಿಜ. ಆದರೆ ‘ನನ್ನ ಮನೆ’ ಎಂಬ ಸಮರ್ಥನೆ ಅಲ್ಲಿ ಬಿದ್ದುಹೋದರೆ ಇಲ್ಲಿ ನಿಲ್ಲುವುದು ಹೇಗೆ?

ಇನ್ನೂ ಆಳಕ್ಕೆ ಹೋಗೋಣ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪೀಠ ಆಧರಿಸಿದ್ದು ಮುಖ್ಯವಾಗಿ ಸಂವಿಧಾನದ 21ನೇ ವಿಧಿಯನ್ನು, ಅಂದರೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು. ಅದಕ್ಕೂ ಮುನ್ನ, 2001ರಲ್ಲಿ ಮುರಳಿ ದೇವರಾ ಪ್ರಕರಣದಲ್ಲಿ ಇದೇ ಕೋರ್ಟು ಸಾರ್ವಜನಿಕ ಧೂಮಪಾನಕ್ಕೆ ತಡೆ ಹಾಕಿದಾಗಲೂ ನೆಚ್ಚಿದ್ದು ಇದೇ 21ನೇ ವಿಧಿಯನ್ನು. ಮನೆಯ ಯಜಮಾನನ ಏಕಾಂತ, ಮನೆಗೆ ಬಂದವಳ ಉಸಿರು ಎರಡೂ ಒಂದೇ ಬೇರಿನಿಂದ ಬಂದಿವೆ. ಎರಡು ಹಕ್ಕು ಎದುರಾದಾಗ ಯಾರು ದಾರಿ ಬಿಡಬೇಕು? ಬಿಟ್ಟುಕೊಟ್ಟರೆ ಕಳೆದುಕೊಳ್ಳುವುದು ಯಾರಿಗೆ ಕಡಿಮೆಯೋ ಅವರು. ಯಜಮಾನ ಕಳೆದುಕೊಳ್ಳುವುದು ಅಂಗಳಕ್ಕೆ ನಾಲ್ಕು ಹೆಜ್ಜೆ. ಕೆಲಸದವಳು ಹೊರಗೆ ನಡೆದರೆ ಕಳೆದುಕೊಳ್ಳುವುದು ಕೂಲಿ, ಒಳಗೆ ಉಳಿದರೆ ಆರೋಗ್ಯ. ಅಲ್ಲದೆ ಏಕಾಂತವೆನ್ನುವುದು ಹೊರಗಿನವರು ಒಳಬರದಂತೆ ಕಾಯುವ ಹಕ್ಕು. ತಾನೇ ಕರೆದು, ಕೂಲಿ ಗೊತ್ತುಮಾಡಿ, ಒಳಗೆ ಬಿಟ್ಟುಕೊಂಡವರ ವಿರುದ್ಧ ಅದನ್ನು ಬಳಸಲಾಗದು.

‘ಗೊತ್ತಿದ್ದೇ ಬರುತ್ತಾರಲ್ಲ, ಬೇಡವೆಂದರೆ ಬಿಡಲಿ’ ಎನ್ನುವವರಿದ್ದಾರೆ. ಈ ಮಾತು ಆಡಲು ಚಳ್ಳಕೆರೆ, ಮೊಳಕಾಲ್ಮೂರಿಗಿಂತ ತಪ್ಪಾದ ಜಾಗ ಸಿಗಲಿಕ್ಕಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಿವು. ಶೇಂಗಾ ಬಿತ್ತಿ ಆಕಾಶ ನೋಡುವ ಮನೆಗಳಿಂದ, ಬೆಳೆ ಕೈಕೊಟ್ಟ ವರ್ಷ, ಹೆಂಗಸರು ಪೇಟೆಯ ಮನೆಗಳಿಗೆ ಕೆಲಸಕ್ಕೆ ಬರುತ್ತಾರೆ. ಬರ ಕೊಡಿಸಿದ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯುವುದು ಕಷ್ಟ. ಆಶಾ ಕಾರ್ಯಕರ್ತೆಗಂತೂ ಆಯ್ಕೆಯೇ ಇಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಅವಳು 42 ದಿನಗಳೊಳಗೆ ಆರು ಸಲ ಹೋಗಲೇಬೇಕು. ತಂಬಾಕು ಬಿಡಿ ಎಂದು ಮನೆಮನೆಗೆ ತಿಳಿಹೇಳುವುದೂ ಅವಳ ಕೆಲಸವೇ. ಆದರೆ ‘ನಾನು ಇರುವಷ್ಟು ಹೊತ್ತು ಸೇದಬೇಡಿ ಅಣ್ಣಾ’ ಎನ್ನಲು ಅವಳ ಬೆನ್ನಿಗೆ ಒಂದು ಆದೇಶವೂ ಇಲ್ಲ. ಮಗುವಿನ ಪರವಾಗಿ ಕೇಳಬಲ್ಲವಳು ತನ್ನ ಪರವಾಗಿ ಕೇಳಲಾರಳು.

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗಗಳು ಈ ತಾರತಮ್ಯವನ್ನು ಇನ್ನಷ್ಟು ಬಿಡಿಸಿ ತೋರಿಸುತ್ತವೆ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಸೀರೆ ಹುಟ್ಟುವುದು ಕಾರ್ಖಾನೆಯಲ್ಲಲ್ಲ, ಮನೆಗಳಲ್ಲಿ. ನೆಲದ ಗುಣಿಗೆ ಕಾಲಿಳಿಬಿಟ್ಟು ನೇಯುವವನು ಎಷ್ಟೋ ಸಲ ಬೇರೆಯವರ ಮನೆಯ ಮಗ್ಗದಲ್ಲಿ ಕೂಲಿಗೆ ಕೂತವನು. ಕಂಡಿಕೆ ಸುತ್ತುವ ಹೆಂಗಸೂ ಹಾಗೆಯೇ. ಕಾರ್ಖಾನೆಗಳ ಕಾನೂನು ಇಷ್ಟು ಚಿಕ್ಕ ಜಾಗಕ್ಕೆ ಬರುವುದಿಲ್ಲ. ಮಗ್ಗದ ಯಾವ ಯಜಮಾನನೂ ಹಾಸಿನ ಮೇಲೆ ಬಗ್ಗಿ ಬೀಡಿ ಸೇದಲಾರ. ಒಂದು ಕಿಡಿ ಬಿದ್ದರೆ ರೇಷ್ಮೆ ಕೆಟ್ಟಿತು, ಸೀರೆಯ ಬೆಲೆ ಹೋಯಿತು. ಆದ್ದರಿಂದ ಮಗ್ಗದಿಂದ ದೂರ ಸರಿಯುತ್ತಾನೆ, ಅದೇ ಕೋಣೆಯ ಬಾಗಿಲ ಬಳಿ ಕೂತು ಹಚ್ಚುತ್ತಾನೆ. ಎಳೆಗೆ ಸಿಕ್ಕ ಕಾಳಜಿ ಎಳೆಯನ್ನು ಹಿಡಿದ ಮನುಷ್ಯನಿಗೆ ಸಿಗದು. ಕಾರಣ ಸರಳ: ಎಳೆ ಕೆಟ್ಟರೆ ನಷ್ಟ ಯಜಮಾನನದು, ಶ್ವಾಸಕೋಶ ಕೆಟ್ಟರೆ ಕೂಲಿಯವನದು.

ಒಲೆಯ ಹೊಗೆಯ ಮಾತನ್ನು ಎತ್ತುವವರೂ ಉಂಟು. ಸೌದೆ ಒಲೆ ಉರಿಸುವ ಹೆಂಗಸು ತನ್ನ ಮನೆಯಲ್ಲೇ ಇದಕ್ಕಿಂತ ಹೆಚ್ಚು ಹೊಗೆ ಕುಡಿಯುತ್ತಾಳೆ, ನಿಮ್ಮ ಬೀಡಿ ಯಾವ ಲೆಕ್ಕ ಎಂಬುದು ಅವರ ವಾದ. ಒಲೆಯ ಹೊಗೆ ಕಡಿಮೆ ಕೆಡುಕಲ್ಲ. ಅದನ್ನು ತೊಲಗಿಸುವ ಕೆಲಸವೂ ಬಾಕಿ ಇದೆ. ಆದರೆ ಅದು ಅನ್ನಕ್ಕಾಗಿ ಎದ್ದ ಹೊಗೆ, ಬಡತನ ಹೇರಿದ್ದು. ಇದು ಇನ್ನೊಬ್ಬರ ಚಟಕ್ಕಾಗಿ ಎದ್ದದ್ದು, ಮನಸ್ಸು ಮಾಡಿದರೆ ಈ ಗಳಿಗೆಯಲ್ಲೇ ನಿಲ್ಲುವಂಥದ್ದು. ಒಂದು ಕಷ್ಟ ಹೊತ್ತವರ ಮೇಲೆ ಇನ್ನೊಂದನ್ನು ಹೇರಲು ಮೊದಲನೆಯದು ಪರವಾನಗಿಯಾಗುವುದಿಲ್ಲ.

ನಿಜವಾಗಿ ತೊಡಕಿನದು ಹಾಸಿಗೆ ಹಿಡಿದ ಮುದುಕನ ಪ್ರಸಂಗ. ಲಕ್ವ ಹೊಡೆದು ಮಲಗಿದವನಿಗೆ ದಿನಕ್ಕೆ ಎರಡು ಬೀಡಿಯೇ ಉಳಿದಿರುವ ಸುಖವಾದರೆ, ಅಂಗಳಕ್ಕೆ ಹೋಗಜ್ಜ ಎನ್ನಲು ಸಾಧ್ಯವೆ? ಇಲ್ಲಿ ನಾಲ್ಕು ಹೆಜ್ಜೆಯ ನನ್ನ ಲೆಕ್ಕ ಕೆಲಸಕ್ಕೆ ಬಾರದು. ಬಿಟ್ಟುಕೊಡುವುದು ಅವನಿಗೂ ನಿಜವಾದ ನಷ್ಟವೇ. ಹಾಗೆಂದು ನರ್ಸ್ ಹೊಗೆ ಕುಡಿಯಬೇಕಿಲ್ಲ. ಬ್ರಿಟನ್ನಿನ ನರ್ಸ್‌ಗಳ ಸಂಘ ಕಂಡುಕೊಂಡ ದಾರಿ ಹೊತ್ತನ್ನು ಹಂಚಿಕೊಳ್ಳುವುದು: ನರ್ಸ್ ಬರುವ ಒಂದು ಗಂಟೆ ಮೊದಲಿನಿಂದಲೇ ರೋಗಿ ಸೇದದಿರಲಿ, ಕೋಣೆಗೆ ಗಾಳಿ ಆಡಲಿ. ಹೊಗೆ ಪೂರ್ತಿ ಹೋಗುವುದಿಲ್ಲ, ಆದರೆ ಇಬ್ಬರ ಲೆಕ್ಕವೂ ಹಿಡಿದಂತಾಗುತ್ತದೆ. ಬಿಡುವುದು ಕಷ್ಟವಿರುವಲ್ಲಿ ಹೊತ್ತು ಹಂಚಿಕೊಳ್ಳೋಣ; ಬಿಡುವುದು ಸುಲಭವಿರುವಲ್ಲಿ ಬಿಡೋಣ.

ಇನ್ನು ಈ ಚಿತ್ರವನ್ನು ತಿರುಗಿಸಿ ನೋಡಿ. ಗಾರೆ ಕೆಲಸದವನು, ಬಡಗಿ, ಬಣ್ಣ ಬಳಿಯುವವನು ನಿಮ್ಮ ಮನೆಯೊಳಗೆ ಬೀಡಿ ಹಚ್ಚಿದರೆ ಏನಾಗುತ್ತದೆ? ‘ಹೊರಗೆ ಹೋಗಿ ಸೇದಪ್ಪ, ಮಕ್ಕಳಿವೆ’ ಎನ್ನುತ್ತೀರಿ. ಅವನು ಬೇಜಾರು ಮಾಡಿಕೊಳ್ಳದೆ ಎದ್ದು ಹೋಗುತ್ತಾನೆ. ಹಾಗಾದರೆ ಹೊಗೆ ಕೆಟ್ಟದ್ದೆಂಬ ತಿಳಿವಳಿಕೆ ನಮಗೆ ಕಡಿಮೆಯಿಲ್ಲ. ಮನೆಯೊಳಗೆ ಸೇದಬಾರದೆಂಬ ನಿಯಮವೂ ಆಗಲೇ ಇದೆ. ಆದರೆ ಅದು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ. ಅದೇ ಮಾತನ್ನು ಅವನು ನಿಮಗೆ ಹೇಳಿದರೆ ಉದ್ಧಟತನ.

ಇದಕ್ಕೆ ಮನೆಮನೆಗೆ ಪೊಲೀಸರನ್ನು ಕಳಿಸುವುದು ಮದ್ದಲ್ಲ. ದೂರು ಕೊಟ್ಟವಳು ಮರುದಿನ ಕೆಲಸ ಕಳೆದುಕೊಳ್ಳುತ್ತಾಳೆ. ದಂಡವಿಲ್ಲದೆ ನಡತೆ ತಿದ್ದುವ ದಾರಿ ಈ ಸೀಮೆಗೆ ಹೊಸದೂ ಅಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಅಶೋಕನ ಶಾಸನ, ತಂದೆತಾಯಿಗಳ ಮಾತು ನಡೆಸಿ, ಜೀವಿಗಳನ್ನು ಗೌರವಿಸಿ, ನಿಜ ನುಡಿಯಿರಿ ಎಂದು ಜನರಿಗೆ ಹೇಳುತ್ತದೆ. ಗಿರ್ನಾರಿನಲ್ಲಿರುವ ಅವನ ಶಾಸನ, ಆಳುಗಳೊಂದಿಗೆ ಸರಿಯಾಗಿ ನಡೆದುಕೊಳ್ಳುವುದನ್ನೂ ಧರ್ಮದ ಪಟ್ಟಿಗೆ ಸೇರಿಸುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಅರಸನೊಬ್ಬ ಮನೆಯೊಳಗಿನ ನಡತೆಯ ಬಗ್ಗೆ ಮಾತಾಡಿದ್ದಾನೆ, ದಂಡದ ಬೆದರಿಕೆ ಇಲ್ಲದೆ. ಅಧಿಕಾರವಿದ್ದವರು ಬಾಯಿ ಬಿಟ್ಟು ಹೇಳುವುದಕ್ಕೂ ಬೆಲೆಯುಂಟು. ಇತ್ತ ಇದೇ ಸೀಮೆಯ ಮ್ಯಾಸಬೇಡ ಸಮುದಾಯದ ಎಷ್ಟೋ ಹಟ್ಟಿಗಳಲ್ಲಿ ಇಂದಿಗೂ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ. ಅದಕ್ಕೆ ಸರ್ಕಾರದ ಕಾಯ್ದೆ ಬೇಕಾಗಲಿಲ್ಲ. ಎಲ್ಲರೂ ಒಪ್ಪಿದ ಕಟ್ಟಳೆಯೇ ಸಾಕಾಯಿತು.

ಹಾಗಾಗಿ ಹೊಣೆ ಇರಬೇಕಾದುದು ಕೆಲಸಕ್ಕೆ ಕಳಿಸುವವರ ಮೇಲೆ, ಕರೆಸಿಕೊಳ್ಳುವವರ ಮೇಲೆ, ಬಂದವರ ಮೇಲಲ್ಲ. ಆರೋಗ್ಯ ಇಲಾಖೆ ಒಂದು ಆದೇಶ ಹೊರಡಿಸಲಿ: ಆಶಾ ಕಾರ್ಯಕರ್ತೆ ಮನೆಯಲ್ಲಿರುವಷ್ಟು ಹೊತ್ತು ಯಾರೂ ಸೇದುವಂತಿಲ್ಲ, ಸೇದಿದರೆ ಅವಳು ಭೇಟಿಯನ್ನು ಮುಂದೂಡಬಹುದು, ಅದಕ್ಕೆ ಅವಳ ಪ್ರೋತ್ಸಾಹಧನ ಕಡಿತವಾಗದು. ಹೋಮ್ ನರ್ಸ್ ಒದಗಿಸುವ ಏಜೆನ್ಸಿಗಳು, ರಿಪೇರಿಗೆ ಹುಡುಗರನ್ನು ಕಳಿಸುವ ಕಂಪನಿಗಳು ಇದೇ ಸಾಲನ್ನು ತಮ್ಮ ಕರಾರಿನಲ್ಲಿ ಬರೆಯಲಿ. ಮಗ್ಗದ ಯಜಮಾನರು ಎಳೆಗೆ ಕೊಡುವ ಕಾಳಜಿಯನ್ನು ಇಡೀ ಕೋಣೆಗೆ ಕೊಡಲಿ. ಇದ್ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಇವೆಲ್ಲ ಆಗುವವರೆಗೆ ಕಾಯಬೇಕಾಗಿಯೂ ಇಲ್ಲ: ನಾಳೆ ನಿಮ್ಮ ಮನೆಗೆ ಯಾರಾದರೂ ಕೆಲಸಕ್ಕೆ ಬರುವವರಿದ್ದರೆ, ಅವರು ಕೇಳಲೆಂದು ಕಾಯಬೇಡಿ. ಅವರು ಕೇಳಲಾರರು. ನೀವೇ ಎದ್ದು ಹೊರಗೆ ಹೋಗಿ.