ರಾತ್ರಿ ಪಾಳಿಯ ಎಚ್ಚರ

ನೀಲಗಿರಿಯ ಎಮರಾಲ್ಡ್‌ನಲ್ಲಿ ನಡುರಾತ್ರಿ ಯಾರಿಗಾದರೂ ಏದುಸಿರು ಹತ್ತಿದರೆ ಮನೆಯವರು ಮೊದಲು ಲೆಕ್ಕ ಹಾಕುವುದು ದಾರಿಯನ್ನು. ಉದಕಮಂಡಲಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಹಗಲು ಹೊತ್ತಿನಲ್ಲಿ ಅದೊಂದು ದೂರವೇ ಅಲ್ಲ. ಮಂಜು ಕವಿದ ಇರುಳಿನಲ್ಲಿ, ಟೀ ತೋಟಗಳ ನಡುವಿನ ತಿರುವುಗಳಲ್ಲಿ, ಅದೇ ದಾರಿ ಸವೆಯುವುದಿಲ್ಲ. ಅಲ್ಲಿಂದಲೂ ಮುಂದಕ್ಕೆ ಕಳಿಸಬೇಕಾಗಿ ಬಂದರೆ ಕೂನೂರು ದಾಟಿ, ಘಾಟಿ ಇಳಿದು, ಮೆಟ್ಟುಪಾಳ್ಯಂ ಮೂಲಕ ಕೊಯಮತ್ತೂರು ಸೇರಬೇಕು. 2019ರ ಆಗಸ್ಟ್‌ನಲ್ಲಿ ಪಕ್ಕದ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರ್‌ಗೂ ಮೀರಿ ಮಳೆ ಸುರಿದಾಗ ಈ ಭಾಗದ ರಸ್ತೆಗಳೇ ಕುಸಿದಿದ್ದವು. ಬಡಗರ ಹಟ್ಟಿಗಳಲ್ಲಿ, ತೋಡರ ಮಂದುಗಳಲ್ಲಿ, 1964ರ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕೂಲಿಕಾರರ ಸಾಲುಮನೆಗಳಲ್ಲಿ, ಎಲ್ಲ ಕಡೆಯೂ ಇದೇ ಚಿಂತೆ.

ಬೆಟ್ಟದ ದಾರಿಯನ್ನು ಯಾರೂ ಮೊಟಕು ಮಾಡಲಾರರು. ಆದರೆ ಹೊತ್ತನ್ನು ಉಳಿಸಿಕೊಳ್ಳಬಹುದು. ರೋಗಿಯ ಸ್ಥಿತಿ ಬಿಗಡಾಯಿಸುತ್ತಿದೆ ಎಂಬುದು ಬೆಳಗಿನ ಆರಕ್ಕೆ ತಿಳಿಯುವ ಬದಲು ರಾತ್ರಿ ಎರಡಕ್ಕೆ ತಿಳಿದರೆ ಕೈಗೆ ನಾಲ್ಕು ಗಂಟೆ ಸಿಕ್ಕಂತೆ. ಆ ನಾಲ್ಕು ಗಂಟೆಯನ್ನು ಗಳಿಸಿಕೊಡುವವರು ರಾತ್ರಿ ಪಾಳಿಯ ನರ್ಸ್‌ಗಳು. ದೊಡ್ಡಾಸ್ಪತ್ರೆ ದೂರವಿರುವ ಊರುಗಳಿಗೆ ಅವರ ಎಚ್ಚರವೇ ಮೊದಲ ಚಿಕಿತ್ಸೆ.

ಜೀವ ಬಹುತೇಕ ಸಲ ಸೂಚನೆ ಕೊಡದೆ ಹೋಗುವುದಿಲ್ಲ. ಉಸಿರು ವೇಗವಾಗುತ್ತದೆ, ನಾಡಿ ಏರುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಮಾತು ತೊದಲುತ್ತದೆ. ಈ ಬದಲಾವಣೆಗಳು ಗಂಟೆಗಟ್ಟಲೆ ಮೊದಲೇ ಶುರುವಾಗಿರುತ್ತವೆ. ಇದನ್ನು ಮನಗಂಡೇ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಒಂದು ಅಂಕಪಟ್ಟಿಯನ್ನು ಜಾರಿಗೆ ತಂದಿತು. ಉಸಿರಾಟ, ಆಮ್ಲಜನಕದ ಮಟ್ಟ, ರಕ್ತದೊತ್ತಡ, ನಾಡಿ, ಪ್ರಜ್ಞೆ, ಮೈಬಿಸಿ ಈ ಆರಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಮೊತ್ತ ಐದಕ್ಕೆ ಮುಟ್ಟಿದರೆ ವೈದ್ಯರನ್ನು ತಡಮಾಡದೆ ಕರೆಯಬೇಕು, ಏಳಾದರೆ ತುರ್ತು ತಂಡವೇ ಬರಬೇಕು. ಇವುಗಳಲ್ಲಿ ಉಸಿರಾಟದ ಎಣಿಕೆಗೆ ಗಡಿಯಾರ ಬಿಟ್ಟರೆ ಯಾವ ಯಂತ್ರವೂ ಬೇಕಿಲ್ಲ. ಎದೆ ಏರಿಳಿಯುವುದನ್ನು ಒಂದು ನಿಮಿಷ ನೋಡಿ ಎಣಿಸಿದರೆ ಸಾಕು. ದೊಡ್ಡವರಲ್ಲಿ ಅದು ನಿಮಿಷಕ್ಕೆ 12ರಿಂದ 20 ಇದ್ದರೆ ನೆಮ್ಮದಿ, 25 ಮುಟ್ಟಿದರೆ ಅಪಾಯ. ಆದರೂ ಎಷ್ಟೋ ಆಸ್ಪತ್ರೆಗಳ ಚಾರ್ಟ್‌ಗಳಲ್ಲಿ ಎಣಿಸದೆಯೇ ಬರೆದುಬಿಡುವ ಸಂಖ್ಯೆ ಇದೇ.

ರಾತ್ರಿ ಈ ಕೆಲಸ ಇಮ್ಮಡಿ ಕಷ್ಟ. ಬೆಳಗಿನ ಜಾವ ಮೂರರಿಂದ ಐದರ ನಡುವೆ ಮನುಷ್ಯರ ಚುರುಕು ತೀರಾ ತಗ್ಗುತ್ತದೆ. ಎಚ್ಚರವಾಗಿರುವ ನರ್ಸ್‌ಗೂ ಇದು ತಪ್ಪಿದ್ದಲ್ಲ. ದೀಪ ಆರಿಸಿದ ವಾರ್ಡಿನಲ್ಲಿ ನೀಲಿಗಟ್ಟಿದ ತುಟಿ ಕಾಣುವುದಿಲ್ಲ. ಕಣ್ಣು ಮುಚ್ಚಿ ಮಲಗಿದವರು ನಿದ್ದೆ ಹೋಗಿದ್ದಾರೋ ಪ್ರಜ್ಞೆ ತಪ್ಪಿದ್ದಾರೋ ಎಂಬುದು ಮೈಮುಟ್ಟಿ ಮಾತಾಡಿಸದೆ ತಿಳಿಯುವುದಿಲ್ಲ. ಹೆರಿಗೆಯಾದ ಮೊದಲ ಎರಡು ಗಂಟೆ ಕಾಲು ಗಂಟೆಗೊಮ್ಮೆ ತಾಯಿಯ ನಾಡಿ, ರಕ್ತದೊತ್ತಡ, ರಕ್ತಸ್ರಾವ ನೋಡಬೇಕು. ಹೆರಿಗೆಗೆ ಹಗಲು ರಾತ್ರಿಯ ಭೇದವಿಲ್ಲ, ಹಾಗಾಗಿ ಈ ನಿಗಾಕ್ಕೂ ಇಲ್ಲ. ಮಗ್ಗುಲು ಬದಲಿಸಲಾಗದವರನ್ನು ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನಿಗೆ ಹುಣ್ಣು ಬೀಳುತ್ತದೆ. ಒಬ್ಬರೇ ಸಿಸ್ಟರ್ ಇಡೀ ವಾರ್ಡನ್ನು ನೋಡಿಕೊಳ್ಳುವಾಗ ಇವೆಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುವುದು ಹೇಗೆ?

ಯಂತ್ರ ಇದೆಯಲ್ಲ ಎನ್ನುವವರಿದ್ದಾರೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್‌ನ ಮೂಲ ತತ್ವವನ್ನು 1970ರ ದಶಕದಲ್ಲಿ ಕಂಡುಕೊಟ್ಟ ಜಪಾನಿನ ತಕುವೊ ಅವೊಯಾಗಿಗೆ ಲೋಕ ಋಣಿ. ಕೊರೊನಾ ಕಾಲದಲ್ಲಿ ಅದು ಮನೆಮನೆಗೂ ಬಂತು. ಆದರೆ ನೀಲಗಿರಿಯ ಚಳಿಗೆ ಬೆರಳು ತಣ್ಣಗಾಗಿದ್ದರೆ ಅದು ತಪ್ಪು ಓದುತ್ತದೆ. ಎರಡು ಸಾವಿರ ಮೀಟರ್ ಎತ್ತರದಲ್ಲಿ ಆರೋಗ್ಯವಂತರ ಅಂಕೆಯೇ ಬಯಲುಸೀಮೆಯವರಿಗಿಂತ ತುಸು ಕಡಿಮೆ ಇರಬಹುದು. ಯಾವ ಅಂಕೆಗೆ ಗಾಬರಿಯಾಗಬೇಕು, ಯಾವುದಕ್ಕೆ ಬೆರಳು ಉಜ್ಜಿ ಮತ್ತೊಮ್ಮೆ ನೋಡಬೇಕು ಎಂದು ನಿರ್ಧರಿಸಲು ಅನುಭವ ಬೇಕು. ಯಂತ್ರ ಕೂಗಿದಾಗ ಎದ್ದು ಬರಲು ಒಂದು ಜೀವ ಬೇಕು.

ಆ ಜೀವ ರೋಗಿಯ ಮಾತು ಬಲ್ಲದ್ದಾದರೆ ಇನ್ನೂ ಒಳ್ಳೆಯದು. ಇದೇ ಜಿಲ್ಲೆಯ ಗೂಡಲೂರಿನಲ್ಲಿ ಇದಕ್ಕೆ ಮಾದರಿಯಿದೆ. ಸ್ಟಾನ್ ಮತ್ತು ಮರಿ ತೇಕೇಕರ ಕಟ್ಟಿದ ಆಕಾರ್ಡ್ ಸಂಸ್ಥೆಯ ಜತೆ ವೈದ್ಯ ದಂಪತಿ ರೂಪಾ ಮತ್ತು ದೇವದಾಸನ್ 1980ರ ದಶಕದಲ್ಲಿ ಆದಿವಾಸಿ ಹಾಡಿಗಳಲ್ಲಿ ಆರೋಗ್ಯದ ಕೆಲಸ ಶುರುಮಾಡಿದರು. 1990ರಲ್ಲಿ ಅಶ್ವಿನಿ ಸಂಸ್ಥೆಯ ಮೂಲಕ ಗೂಡಲೂರು ಆದಿವಾಸಿ ಆಸ್ಪತ್ರೆ ತಲೆಯೆತ್ತಿತು. ಹಾಡಿಗಳ ಹೆಣ್ಣುಮಕ್ಕಳನ್ನೇ ತರಬೇತುಗೊಳಿಸಿ ಅಲ್ಲಿ ನರ್ಸ್‌ಗಳನ್ನಾಗಿ ಮಾಡಿದರು. ಆಸ್ಪತ್ರೆಯೆಂದರೆ ಹೆದರುತ್ತಿದ್ದ ಪಣಿಯ, ಬೆಟ್ಟಕುರುಂಬ, ಕಾಟುನಾಯಕ ಜನ ತಮ್ಮವರೇ ಆರೈಕೆಗೆ ನಿಂತ ಆಸ್ಪತ್ರೆಗೆ ಬರತೊಡಗಿದರು. ಅಪರಾತ್ರಿಯಲ್ಲಿ ನೋವು ಎಲ್ಲಿ, ಎಂಥದು ಎಂದು ತನ್ನ ಮಾತಿನಲ್ಲೇ ಹೇಳಿಕೊಳ್ಳಲು ಸಾಧ್ಯವಾದರೆ ರೋಗಪತ್ತೆಯ ಅರ್ಧ ಕೆಲಸ ಮುಗಿದಂತೆ.

ಕಾಯುವವರನ್ನು ಕಾಯುವ ಹೊಣೆ ಸಮಾಜದ್ದು. ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ ಅವರ ಮೇಲೆ 1973ರ ನವೆಂಬರ್ 27ರಂದು ಅಲ್ಲಿನ ನೌಕರನೇ ಎರಗಿದ. ಆ ಹಲ್ಲೆಯಿಂದ ಅವರು ಮತ್ತೆ ಚೇತರಿಸಿಕೊಳ್ಳಲಿಲ್ಲ. 2015ರ ಮೇ 18ರಂದು ಅವರು ತೀರಿಕೊಳ್ಳುವವರೆಗೆ, ನಾಲ್ಕು ದಶಕಕ್ಕೂ ಮೀರಿ, ಅದೇ ಆಸ್ಪತ್ರೆಯ ನರ್ಸ್‌ಗಳು ಪಾಳಿಯ ಮೇಲೆ ಪಾಳಿ ಅವರನ್ನು ಮಗುವಿನಂತೆ ನೋಡಿಕೊಂಡರು. 2024ರ ಆಗಸ್ಟ್ 9ರಂದು ಕೋಲ್ಕತ್ತಾದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ರಾತ್ರಿ ಕರ್ತವ್ಯದ ನಡುವೆ ವಿಶ್ರಮಿಸುತ್ತಿದ್ದ ತರಬೇತಿ ವೈದ್ಯೆ ಕೊಲೆಯಾದರು. ಅರ್ಧ ಶತಮಾನ ಕಳೆದರೂ ನಾವು ಪಾಠ ಕಲಿಯಲಿಲ್ಲ. ಬೀಗವಿರುವ ವಿಶ್ರಾಂತಿ ಕೊಠಡಿ, ಬೆಳಕಿರುವ ಓಣಿ, ಮನೆಗೆ ಮುಟ್ಟಿಸುವ ವಾಹನ ಇವು ಕೇಳಿ ಪಡೆಯಬೇಕಾದ ಸವಲತ್ತುಗಳಲ್ಲ, ಕೇಳುವ ಮೊದಲೇ ಇರಬೇಕಾದವು.

2025ರ ಏಪ್ರಿಲ್‌ನಲ್ಲಿ ಉದಕಮಂಡಲದಲ್ಲಿ 700 ಹಾಸಿಗೆಗಳ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಉದ್ಘಾಟನೆಯಾಯಿತು. ಎಮರಾಲ್ಡ್‌ನಂಥ ಊರುಗಳಿಗೆ ಇದು ದೊಡ್ಡ ಆಸರೆ. ಉದ್ಘಾಟನೆಗಳಲ್ಲಿ ಹಾಸಿಗೆಯ ಲೆಕ್ಕ ಹೇಳುತ್ತಾರೆ. ಆ ಹಾಸಿಗೆಗಳ ಪಕ್ಕ ರಾತ್ರಿ ಮೂರಕ್ಕೆ ಎಷ್ಟು ಮಂದಿ ನರ್ಸ್‌ಗಳಿರುತ್ತಾರೆ ಎಂಬ ಲೆಕ್ಕವನ್ನೂ ಜನ ಕೇಳುವಂತಾಗಬೇಕು. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಿಗೂ ಈ ಪ್ರಶ್ನೆ ಸಲ್ಲುತ್ತದೆ.

ರೋಗಿಯ ಜತೆ ಉಳಿಯುವ ನಮಗೂ ಪಾಲಿದೆ. ‘ಪಾಪ, ಸಿಸ್ಟರ್‌ಗೆ ಯಾಕೆ ತೊಂದರೆ, ಬೆಳಗಾಗಲಿ’ ಎಂಬ ಸಂಕೋಚ ಬೇಡ. ಉಸಿರು ಬಿರುಸಾದರೆ, ಮಾತು ಅಡ್ಡಾದಿಡ್ಡಿಯಾದರೆ, ಮೈ ತಣ್ಣಗೆ ಬೆವರಿದರೆ, ರಕ್ತಸ್ರಾವ ಹೆಚ್ಚಿದರೆ ಆ ಕ್ಷಣವೇ ಎದ್ದು ಹೋಗಿ ಹೇಳಿ. ಕರೆದಾಗ ಬರುವುದು ತುಸು ತಡವಾದರೆ ಅವರ ಮೇಲೆ ದನಿ ಏರಿಸುವ ಮೊದಲು ಅವರ ಪಾಲಿಗೆ ಎಷ್ಟು ಹಾಸಿಗೆಗಳಿವೆ ಎಂದು ಒಮ್ಮೆ ಎಣಿಸಿ. ಆಮೇಲೆ ಆ ಸಂಖ್ಯೆಯನ್ನು ನಿಮ್ಮ ಶಾಸಕರ ಮುಂದೆ ಇಡಿ.