ಪ್ರಶ್ನೆಪತ್ರಿಕೆಯನ್ನು ಪರೀಕ್ಷಿಸುವವರು ಯಾರು?



ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಅವಧಿ. ನ್ಯಾಯಕ್ಕೆ ಇಷ್ಟು ಸಾಲದೇ ಎಂದು ನಾವು ಕೇಳುವುದುಂಟು. ಕೊಹಿನೂರಿನಂಥ ಊರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಸರ್ಕಾರಿ ಹುದ್ದೆಗಾಗಿ ಪರೀಕ್ಷೆ ಬರೆಯುವ ಮಗನೋ ಮಗಳೋ ತಮ್ಮ ಮನೆಯಲ್ಲಿದ್ದರೆ, ಈ ನಂಬಿಕೆಯನ್ನು ಮತ್ತೊಮ್ಮೆ ಪರಿಶೀಲಿಸಿರೆಂದು ಬಿನ್ನವಿಸುತ್ತೇನೆ.

ಕರ್ನಾಟಕ ಲೋಕಸೇವಾ ಆಯೋಗವು 2024ರ ಆಗಸ್ಟ್ 27ರಂದು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಕನ್ನಡ ಅನುವಾದ ದೋಷಪೂರ್ಣವಾಗಿತ್ತು. ಉತ್ತರ ಬಲ್ಲವರೂ ಪ್ರಶ್ನೆ ಅರ್ಥವಾಗದೆ ಸೋಲುವ ಸ್ಥಿತಿ! ಡಿಸೆಂಬರ್ 29ರಂದು ಮರುಪರೀಕ್ಷೆಯಾಯಿತು. ಆಗಲೂ ಅನುವಾದದ ಬಗ್ಗೆ ದೂರುಗಳೆದ್ದವು. ಯಾರೋ ಬೇಕೆಂದೇ ಕನ್ನಡದ ಮಕ್ಕಳನ್ನು ಹೊರಗಿಟ್ಟರೆಂದು ನಾನು ಹೇಳಲಾರೆ. ಆದರೆ ದುರುದ್ದೇಶವಿಲ್ಲದಿದ್ದರೆ ಅನ್ಯಾಯವೂ ಇಲ್ಲವೇ?

ಅಮೆರಿಕದ ಸುಪ್ರೀಂ ಕೋರ್ಟು 1971ರಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿತು. ನಾರ್ತ್ ಕೆರೊಲಿನಾದ ಡ್ಯೂಕ್ ಪವರ್ ಎಂಬ ವಿದ್ಯುತ್ ಕಂಪನಿಯ ಸ್ಥಾವರದಲ್ಲಿ ಕಪ್ಪು ಜನಾಂಗದವರಿಗೆ ಕೂಲಿ ವಿಭಾಗದ ಕೆಲಸ ಮಾತ್ರ ಸಿಗುತ್ತಿತ್ತು. ಉದ್ಯೋಗದಲ್ಲಿ ವರ್ಣಭೇದವನ್ನು ನಿಷೇಧಿಸಿದ 1964ರ ಕಾಯ್ದೆ ಜಾರಿಯಾದಾಗ, ಕಂಪನಿ ಉತ್ತಮ ಹುದ್ದೆಗಳಿಗೆ ಬುದ್ಧಿಶಕ್ತಿ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಹಿಂದುಳಿದ ಪ್ರತ್ಯೇಕ ಶಾಲೆಗಳಲ್ಲಿ ಕಲಿತ ಕಪ್ಪು ಕೆಲಸಗಾರರು ಸಹಜವಾಗಿಯೇ ಸೋತರು. ಆ ಪರೀಕ್ಷೆಗೂ ಮಾಡಬೇಕಾದ ಕೆಲಸಕ್ಕೂ ಸಂಬಂಧವಿದೆಯೆಂದು ಕಂಪನಿ ತೋರಿಸಲಾಗಲಿಲ್ಲ. ಉದ್ದೇಶವಷ್ಟೇ ಅಲ್ಲ, ಪರಿಣಾಮವನ್ನೂ ನೋಡಬೇಕೆಂದು ನ್ಯಾಯಾಲಯ ತೀರ್ಪಿತ್ತಿತು.

ಹಾಗಾದರೆ ಕಷ್ಟಪಟ್ಟು ಓದಿ ಗೆದ್ದವರ ಗತಿಯೇನು? ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸರಿಯಲ್ಲ. ನ್ಯೂ ಹೇವನ್ ನಗರವು ಅಗ್ನಿಶಾಮಕ ದಳದ ಬಡ್ತಿ ಪರೀಕ್ಷೆಯಲ್ಲಿ ಕಪ್ಪು ಜನಾಂಗದ ಯಾರಿಗೂ ಬಡ್ತಿ ದೊರೆಯದೆಂದು ಕಂಡು ಫಲಿತಾಂಶವನ್ನೇ ಕೈಬಿಟ್ಟಾಗ, 2009ರಲ್ಲಿ ಅದೇ ನ್ಯಾಯಾಲಯ ಉತ್ತೀರ್ಣರ ಪರವಾಗಿ ನಿಂತಿತು. ನಮ್ಮಲ್ಲಿಯೂ ಮೊದಲ ಪರೀಕ್ಷೆಯನ್ನು ಚೆನ್ನಾಗಿ ಬರೆದು ಮರುಪರೀಕ್ಷೆಯಲ್ಲಿ ಎಡವಿದವರ ನೋವು ಸುಳ್ಳಲ್ಲ. ಆದ್ದರಿಂದ ಪ್ರಶ್ನೆಪತ್ರಿಕೆಯ ಪರೀಕ್ಷೆ ಅಭ್ಯರ್ಥಿಯ ಪರೀಕ್ಷೆಗಿಂತ ಮೊದಲೇ ಆಗಬೇಕು.

ಸಂವಿಧಾನದ 371ಜೆ ವಿಧಿಯ ಪ್ರಕಾರ 2013ರಿಂದ ನಮ್ಮ ಬೀದರ್ ಜಿಲ್ಲೆಯೂ ಸೇರಿದ ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಇದೆ. ಸಿ ವೃಂದದಲ್ಲಿ ಶೇಕಡ 80. ಇದು ಸಣ್ಣ ಮಾತಲ್ಲ. ಆದರೂ ಅದು ಬಾಗಿಲನ್ನು ಅಗಲಗೊಳಿಸುತ್ತದೆಯೇ ಹೊರತು ಪ್ರಶ್ನೆಪತ್ರಿಕೆಯನ್ನು ತಿದ್ದುವುದಿಲ್ಲ. ಬಸವಕಲ್ಯಾಣದ ಯಾವುದೇ ಕಚೇರಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿರಿ: ಒಬ್ಬ ರೈತ ಕನ್ನಡದಲ್ಲಿ, ಮತ್ತೊಬ್ಬ ಮರಾಠಿಯಲ್ಲಿ, ಇನ್ನೊಬ್ಬ ತಾಯಿ ಉರ್ದುವಿನಲ್ಲಿ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಈ ಮೂವರಿಗೂ ಅವರವರ ಮಾತಿನಲ್ಲಿ ಉತ್ತರಿಸಬಲ್ಲ ಮಕ್ಕಳು ನಮ್ಮ ಊರುಗಳಲ್ಲಿದ್ದಾರೆ. ಅವರ ಈ ಯೋಗ್ಯತೆಗೆ ಯಾವ ಪತ್ರಿಕೆಯಲ್ಲಿ ಎಷ್ಟು ಅಂಕ?